ಹುಂಜದ ಕಾಲು ಏಕೆ ಸೋತಿತು?

ಗಂಗಾವತಿಯ ಒಂದು ಮನೆಯಲ್ಲಿ ಮಕ್ಕಳು ಮುದ್ದಿನಿಂದ ಜವಾರಿ ಹುಂಜವೊಂದನ್ನು ಸಾಕಿದ್ದಾರೆಂದು ಭಾವಿಸೋಣ. ಮೊನ್ನೆಯವರೆಗೆ ಗೋಡೆಯ ಮೇಲೆ ನಿಂತು ಓಣಿಯನ್ನೆಲ್ಲ ಎಬ್ಬಿಸುತ್ತಿದ್ದ ಆ ಪ್ರಾಣಿಯು ಇಂದು ತೂರಾಡುತ್ತ ನಾಲ್ಕು ಹೆಜ್ಜೆ ನಡೆದು ಕುಸಿದು ಕುಳಿತುಬಿಡುತ್ತದೆ. ಕಾಲಿನಲ್ಲಿ ಗಾಯವಿಲ್ಲ, ಬಾವಿಲ್ಲ, ಮೂಳೆಯೂ ಮುರಿದಿಲ್ಲ. ಬೇನೆ ಬಂದ ಕೋಳಿಯನ್ನು ಉಳಿದವಕ್ಕೆ ಹತ್ತುವ ಮೊದಲೇ ಕೊಯ್ದುಬಿಡಬೇಕೆಂದು ಹಿರಿಯರು ಹೇಳುತ್ತಾರೆ, ಮಕ್ಕಳು ಒಪ್ಪುವುದಿಲ್ಲ. ಈ ವಾದದಲ್ಲಿ ಎರಡು ಪಕ್ಷಗಳಿಗೂ ನ್ಯಾಯವಿದೆ. ಬೇನೆಯು ಅಂಟುಜಾಡ್ಯವಾಗಿದ್ದರೆ ಒಂದು ಹುಂಜದ ಮೇಲಿನ ಮಮತೆಯಿಂದ ನೆರೆಹೊರೆಯ ಬಡವರ ಕೋಳಿಗಳೆಲ್ಲ ನಾಶವಾಗಬಹುದು. ಅಂಟುಜಾಡ್ಯವಲ್ಲದಿದ್ದರೆ, ಕೆಲವೇ ದಿನಗಳಲ್ಲಿ ಎದ್ದು ನಿಲ್ಲಬಹುದಾಗಿದ್ದ ಜೀವವೊಂದನ್ನು ವೃಥಾ ಕೊಂದಂತಾಗುತ್ತದೆ.

ಕಾಲು ಸೋಲುವುದು ಒಂದು ಚಿಹ್ನೆ ಮಾತ್ರ. ಮನೆಯ ದೀಪವು ಆರಿದಾಗ ಬಲ್ಬು ಸುಟ್ಟಿರಬಹುದು, ತಂತಿ ಕಡಿದಿರಬಹುದು, ಅಥವಾ ವಿದ್ಯುತ್ತೇ ಬಾರದಿರಬಹುದು. ಕತ್ತಲೆಯನ್ನು ಎಷ್ಟು ಹೊತ್ತು ನೋಡಿದರೂ ಕಾರಣವು ತಿಳಿಯದು. ಹಾಗೆಯೇ ಮಿದುಳಿನಿಂದ ಸ್ನಾಯುವಿನವರೆಗಿನ ಮಾರ್ಗದಲ್ಲಿ ಎಲ್ಲಿ ದೋಷವುಂಟಾದರೂ ಕಾಲು ಸೋಲುತ್ತದೆ.

ನಮ್ಮ ನಾಡಿನಲ್ಲಿ ಮೊದಲು ಶಂಕಿಸಬೇಕಾದುದು ರಾಣಿಖೇತ್ ಅಥವಾ ಕೊಕ್ಕರೆ ರೋಗವನ್ನು. 1926ರಲ್ಲಿ ಜಾವಾ ದ್ವೀಪದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದಲ್ಲಿಯೂ ಗುರುತಿಸಲ್ಪಟ್ಟ ಈ ವೈರಸ್ ರೋಗವು ಅದೇ ಸುಮಾರಿಗೆ ಹಿಮಾಲಯದ ರಾಣಿಖೇತಿನಲ್ಲಿಯೂ ಕಾಣಿಸಿಕೊಂಡುದರಿಂದ ಭಾರತದಲ್ಲಿ ಅದಕ್ಕೆ ಆ ಹೆಸರು ನಿಂತಿತು. ಬಾಯಿ ತೆರೆದು ಉಸಿರೆಳೆಯುವುದು, ಹಸಿರು ಭೇದಿ, ಕತ್ತು ತಿರುಚಿಕೊಳ್ಳುವುದು, ಕಾಲು ರೆಕ್ಕೆಗಳು ಬೀಳುವುದು, ಇವು ಅದರ ಲಕ್ಷಣಗಳು. ಅದಕ್ಕೆ ಲಸಿಕೆಯುಂಟು, ಔಷಧವಿಲ್ಲ. ಎರಡನೆಯದು ಮಾರೆಕ್ ರೋಗ. ಹಂಗೆರಿಯ ಪಶುವೈದ್ಯ ಯೋಜೆಫ್ ಮಾರೆಕ್ 1907ರಲ್ಲಿ ಇದನ್ನು ಮೊದಲು ವರ್ಣಿಸಿದುದು ಕಾಲು ಸೋತ ನಾಲ್ಕು ಹುಂಜಗಳನ್ನು ಪರೀಕ್ಷಿಸಿಯೇ. ಇದರಲ್ಲಿ ಎಳೆಯ ಕೋಳಿಯು ಒಂದು ಕಾಲನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಚಾಚಿ ಮಲಗುವುದುಂಟು. ಇದಕ್ಕೂ ಕಾರಣವು ವೈರಸ್ಸೇ ಎಂಬುದು ಸ್ಥಿರಪಟ್ಟುದು 1967ರಲ್ಲಿ.

ಮೂರನೆಯ ಕಾರಣವು ಯಾವ ಜೀವಾಣುವಿನಲ್ಲಿಯೂ ಇಲ್ಲ. ಅದು ಕಾಳಿನ ಬಟ್ಟಲಿನಲ್ಲಿದೆ. ಅದು ಬೆಳಕಿಗೆ ಬಂದ ಕಥೆಯು ಸ್ವಾರಸ್ಯವಾದುದು.

ಕಳೆದ ಶತಮಾನಕ್ಕೆ ಹಿಂದಿನ ಶತಮಾನದಲ್ಲಿ ಬೆರಿಬೆರಿ ಎಂಬ ರೋಗವು ಪೂರ್ವ ದೇಶಗಳ ಸೈನಿಕರನ್ನೂ ಕೈದಿಗಳನ್ನೂ ಕಾಡುತ್ತಿತ್ತು. ಕಾಲುಗಳು ಜೋಮುಹಿಡಿದು ಸೋತು, ಕೊನೆಗೆ ಹೃದಯವು ನಿಂತುಹೋಗುತ್ತಿತ್ತು. ಅದರ ಮೂಲವನ್ನು ಶೋಧಿಸಲು ಡಚ್ ಸರ್ಕಾರವು 1886ರಲ್ಲಿ ಜಾವಾಕ್ಕೆ ಕಳುಹಿಸಿದ ಮಂಡಲಿಯಲ್ಲಿ ಕ್ರಿಸ್ಟಿಯಾನ್ ಐಕ್‌ಮನ್ ಎಂಬ ತರುಣ ವೈದ್ಯನಿದ್ದನು. ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್‌ನ ಬಳಿ ಕಲಿತಿದ್ದ ಅವನು ಬೆರಿಬೆರಿಗೂ ಒಂದು ಸೂಕ್ಷ್ಮಜೀವಿಯೇ ಕಾರಣವಿರಬೇಕೆಂದು ನಂಬಿ, ಬಟಾವಿಯದ ಸೈನಿಕ ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ಕೋಳಿಗಳಿಗೆ ರೋಗವನ್ನು ಅಂಟಿಸಲು ಯತ್ನಿಸುತ್ತಿದ್ದನು. 1889ರ ಜುಲೈಯಲ್ಲಿ ಕೋಳಿಗಳ ಕಾಲು ಸೋಲತೊಡಗಿದವು. ಆದರೆ ಚುಚ್ಚುಮದ್ದು ಪಡೆದ ಕೋಳಿಗಳಂತೆಯೇ, ಹೋಲಿಕೆಗಾಗಿ ಏನೂ ಮಾಡದೆ ಬಿಟ್ಟಿದ್ದ ಕೋಳಿಗಳೂ ಕುಂಟಿದವು! ನವೆಂಬರ್ ತಿಂಗಳ ಕೊನೆಗೆ ಯಾವ ಚಿಕಿತ್ಸೆಯೂ ಇಲ್ಲದೆ ಎಲ್ಲ ಕೋಳಿಗಳೂ ಗುಣಹೊಂದಿದವು. ವಿಚಾರಿಸಲಾಗಿ, ಅಷ್ಟು ಕಾಲವೂ ಅವಕ್ಕೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಉಳಿದ ಬಿಳಿಯನ್ನವನ್ನು ಹಾಕಲಾಗುತ್ತಿತ್ತೆಂದೂ, ಹೊಸದಾಗಿ ಬಂದ ಅಡುಗೆಯವನು ಸೈನ್ಯದ ಅನ್ನವನ್ನು ಸಾಮಾನ್ಯ ಕೋಳಿಗಳಿಗೆ ಕೊಡಲೊಲ್ಲೆನೆಂದು ನಿಲ್ಲಿಸಿದನೆಂದೂ ತಿಳಿದುಬಂದಿತು. ಅಡುಗೆಯವನ ಈ ಬಿಗುಮಾನಕ್ಕೆ ವಿಜ್ಞಾನವು ಋಣಿಯಾಗಿದೆ. ಆದರೆ ಅದನ್ನು ಆಕಸ್ಮಿಕವೆಂದು ಕರೆದು ಸುಮ್ಮನಾಗುವುದು ಐಕ್‌ಮನ್ನನಿಗೆ ಅನ್ಯಾಯ. ಬಟ್ಟಲಿನ ಅನ್ನ ಬದಲಾದುದನ್ನು ಗಮನಿಸಿ ಪ್ರಶ್ನಿಸಿದವನು ಅವನೇ ಅಲ್ಲವೆ?

ಅಲ್ಲಿಂದ ಮುಂದೆ ಅವನು ಕ್ರಮವಾಗಿ ಪ್ರಯೋಗಿಸಿದನು. ಬರಿಯ ಬಿಳಿಯಕ್ಕಿಯನ್ನು ತಿಂದ ಕೋಳಿಗಳು ಮೂರು ನಾಲ್ಕು ವಾರಗಳಲ್ಲಿ ಕಾಲು ಸೋತವು. ಕಾಳಿನ ಮೇಲಿನ ತೆಳುವಾದ ಪೊರೆ, ಅಂದರೆ ನಾವು ತೌಡೆಂದು ಕರೆಯುವ ಭಾಗ, ಇದ್ದ ಅಕ್ಕಿಯನ್ನು ತಿಂದವು ನೆಟ್ಟಗಿದ್ದವು. ಅವನ ಕೋರಿಕೆಯಂತೆ ವೋರ್ಡರ್‌ಮನ್ ಎಂಬ ಆರೋಗ್ಯಾಧಿಕಾರಿಯು ಜಾವಾದ 101 ಸೆರೆಮನೆಗಳ ಲೆಕ್ಕವನ್ನು ತೆಗೆದನು. ಪೊರೆಯುಳ್ಳ ಅಕ್ಕಿಯನ್ನು ಉಣ್ಣುತ್ತಿದ್ದಲ್ಲಿ 10,000 ಕೈದಿಗಳಲ್ಲಿ ಒಬ್ಬನಿಗೆ ಬೆರಿಬೆರಿ. ಬಿಳಿಯಕ್ಕಿಯನ್ನು ಉಣ್ಣುತ್ತಿದ್ದಲ್ಲಿ 39 ಮಂದಿಗೆ ಒಬ್ಬನಿಗೆ! ಇಷ್ಟಾದರೂ ಅಕ್ಕಿಯ ಪಿಷ್ಟದಿಂದ ಒಂದು ವಿಷವುಂಟಾಗುತ್ತದೆ, ತೌಡು ಅದನ್ನು ಮುರಿಯುತ್ತದೆ ಎಂದೇ ಐಕ್‌ಮನ್ ತಿಳಿದಿದ್ದನು. ವಿಷವೇನೂ ಇಲ್ಲ, ನರಗಳಿಗೆ ಅವಶ್ಯವಾದ ಯಾವುದೋ ವಸ್ತುವಿನ ಅಭಾವವೇ ರೋಗವೆಂದು 1901ರಲ್ಲಿ ಹೇಳಿದವನು ಅವನ ಉತ್ತರಾಧಿಕಾರಿಯಾದ ಗ್ರೈನ್ಸ್. ಆ ವಸ್ತುವೇ ಬಿ1 ಜೀವಸತ್ವ, ಅಥವಾ ಥಯಾಮಿನ್. 1926ರಲ್ಲಿ ಜಾವಾದಲ್ಲಿಯೇ ಯಾನ್ಸೆನ್ ಮತ್ತು ಡೊನಾತ್ ಎಂಬವರು ತೌಡಿನಿಂದ ಅದರ ಹರಳುಗಳನ್ನು ಬೇರ್ಪಡಿಸಿದರು. 1929ರಲ್ಲಿ ಐಕ್‌ಮನ್ನನಿಗೆ ನೊಬೆಲ್ ಬಹುಮಾನವು ದೊರೆಯಿತು.

ಅಷ್ಟು ಅಲ್ಪವಾದ ವಸ್ತುವು ಕಾಲನ್ನು ಹೇಗೆ ಹಿಡಿದು ನಿಲ್ಲಿಸುತ್ತದೆ? ನರಗಳ ಮುಖ್ಯ ಇಂಧನ ಸಕ್ಕರೆ. ಅದು ಮೆಟ್ಟಲು ಮೆಟ್ಟಲಾಗಿ ದಹನವಾಗುತ್ತ ಪೈರುವಿಕ್ ಆಮ್ಲವೆಂಬ ಹಂತಕ್ಕೆ ಬಂದಾಗ, ಅದನ್ನು ಮುಂದಕ್ಕೆ ಸಾಗಿಸುವ ಕಿಣ್ವಕ್ಕೆ ಥಯಾಮಿನ್ ಬೇಕು. ಅದಿಲ್ಲದಿದ್ದರೆ ಹೊಟ್ಟೆ ತುಂಬ ಅನ್ನವಿದ್ದರೂ ನರವು ಉಪವಾಸವಿದ್ದಂತೆಯೇ. ಆಕ್ಸ್‌ಫರ್ಡಿನ ರುಡಾಲ್ಫ್ ಪೀಟರ್ಸ್ 1930ರ ದಶಕದಲ್ಲಿ ಪಾರಿವಾಳಗಳ ಮಿದುಳಿನ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿದನು. ದೇಹದಲ್ಲಿ ಥಯಾಮಿನ್ನಿನ ಸಂಗ್ರಹವು ಬಹಳ ಸ್ವಲ್ಪ. ಕೆಲವು ವಾರಗಳಲ್ಲಿ ಅದು ತೀರುತ್ತದೆ.

ಈಗ ನಮ್ಮ ಸೀಮೆಗೆ ಬರೋಣ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆಗೆ ನೀರು ಹರಿದ ಮೇಲೆ ಗಂಗಾವತಿಯು ಭತ್ತದ ಕಣಜವಾಯಿತು. ಗಿರಣಿಗಳಲ್ಲಿ ಸೋನಾ ಮಸೂರಿಯು ಮಲ್ಲಿಗೆಯಂತೆ ಬೆಳ್ಳಗಾಗಿ ಹೊರಬೀಳುತ್ತದೆ. ತೌಡು ಬೇರೊಂದು ಚೀಲಕ್ಕೆ ಬೀಳುತ್ತದೆ. ಥಯಾಮಿನ್ನಿನ ಬಹುಭಾಗವು ಇರುವುದು ಆ ಎರಡನೆಯ ಚೀಲದಲ್ಲಿ. ಅಕ್ಕಿಯಲ್ಲಿ ಉಳಿದುದರಲ್ಲಿಯೂ ಒಂದಂಶವು ತೊಳೆದ ನೀರಿನೊಡನೆಯೂ ಬಸಿದ ಗಂಜಿಯೊಡನೆಯೂ ಹೋಗುತ್ತದೆ. ಕುಷ್ಟಗಿ, ಯಲಬುರ್ಗಾಗಳ ಕಡೆ ಮಳೆಯನ್ನು ನಂಬಿದ ಎರೆ ಮಸಾರಿ ಹೊಲಗಳಲ್ಲಿ ಬೆಳೆಯುವ ಜೋಳ ಸಜ್ಜೆಗಳಾದರೋ ಕೋಳಿಗೆ ಇಡಿಯ ಕಾಳಾಗಿಯೇ ಸಿಗುತ್ತವೆ. ಗಂಗಾವತಿಯಲ್ಲಿಯೂ ತಿಪ್ಪೆ ಕೆದಕಿ ಹುಳು ಹುಪ್ಪಡಿ, ಹುಲ್ಲಿನ ಬೀಜಗಳನ್ನು ತಿನ್ನುವ ಬೀದಿಯ ಕೋಳಿಗೆ ಈ ಕೊರತೆಯು ಬರುವುದು ಅಪರೂಪ. ಅಪಾಯವಿರುವುದು ನಾಯಿಯ ಭಯದಿಂದ ಗೂಡಿನಲ್ಲಿಯೇ ಇಟ್ಟು, ಮನೆಯವರು ಉಣ್ಣುವ ಅನ್ನವನ್ನೇ ಮೂರು ಹೊತ್ತೂ ತಿನ್ನಿಸಿದ ಮುದ್ದಿನ ಹುಂಜಕ್ಕೆ.

ಆದುದರಿಂದ ಕತ್ತಿಯನ್ನಾಗಲಿ ಮದ್ದನ್ನಾಗಲಿ ಹುಡುಕುವ ಮೊದಲು ಹುಂಜವನ್ನು ಉಳಿದ ಕೋಳಿಗಳಿಂದ ದೂರವಿಡತಕ್ಕದ್ದು. ಶುದ್ಧ ಪ್ರಯೋಗದ ನಿಯಮದಂತೆ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬುದು ನಿಜ, ಆದರೆ ಅಂಟುಜಾಡ್ಯದ ಸಂದೇಹವಿರುವಾಗ ಆ ನಿಯಮವು ಕಾಯಬಹುದು. ಅನಂತರ ಕೇಳತಕ್ಕ ಪ್ರಶ್ನೆಗಳು ಕೆಲವುಂಟು. ಕಳೆದ ಒಂದು ತಿಂಗಳಿನಿಂದ ಅದು ಏನನ್ನು ತಿಂದಿದೆ? ರಾಣಿಖೇತ್ ಲಸಿಕೆಯಾಗಿದೆಯೆ? ಓಣಿಯಲ್ಲಿ ಬೇರೆ ಕೋಳಿಗಳು ಸತ್ತಿವೆಯೆ? ಭೇದಿಯ ಬಣ್ಣವೇನು? ಹಠಾತ್ತನೆ ಹಲವು ಕೋಳಿಗಳು ಸತ್ತು, ಜುಟ್ಟುಗಳು ನೀಲಿಗಟ್ಟಿದ್ದರೆ, ಸತ್ತವನ್ನು ಮುಟ್ಟದೆ ಕೂಡಲೇ ಪಶು ಆಸ್ಪತ್ರೆಗೆ ತಿಳಿಸಬೇಕು. 2012ರ ಅಕ್ಟೋಬರಿನಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ ಟರ್ಕಿ ಕೋಳಿಗಳಿಗೆ ಹಕ್ಕಿಜ್ವರ ಬಂದಿತ್ತೆಂಬುದನ್ನು ಮರೆಯಬಾರದು.

ಉಸಿರಾಟವು ಸರಿಯಾಗಿದ್ದು, ಭೇದಿಯಿಲ್ಲದೆ, ನೆರೆಯ ಕೋಳಿಗಳೆಲ್ಲ ಆರೋಗ್ಯವಾಗಿದ್ದು, ಬಟ್ಟಲಿನಲ್ಲಿ ವಾರಗಟ್ಟಲೆ ಬಿಳಿಯನ್ನವೇ ಇದ್ದಿತೆಂದು ತಿಳಿದರೆ ಮೂರನೆಯ ಕಾರಣದ ಕಡೆಗೆ ತಕ್ಕಡಿಯು ವಾಲುತ್ತದೆ. ಥಯಾಮಿನ್ನಿನ ಅಭಾವವು ಬಲಿತಾಗ ಕೋಳಿಯು ಕಾಲು ಮಡಚಿ ಕುಳಿತು, ಆಕಾಶವನ್ನು ದಿಟ್ಟಿಸುವಂತೆ ತಲೆಯನ್ನು ಬೆನ್ನಿನ ಕಡೆಗೆ ಬಾಗಿಸುತ್ತದೆ. ಆ ಸ್ಥಿತಿಯಲ್ಲಿ ಅದಕ್ಕೆ ತಿನ್ನಲಾಗುವುದಿಲ್ಲ. ಪಶುವೈದ್ಯರು ಬಿ1 ಚುಚ್ಚುಮದ್ದನ್ನು ಕೊಡಬೇಕಾಗುತ್ತದೆ. ಇನ್ನೂ ಕುಟುಕುತ್ತಿರುವ ಹುಂಜಕ್ಕೆ ವೈದ್ಯರು ಸೂಚಿಸಿದ ಬಿ1ರ ಜೊತೆಗೆ ಅನ್ನದ ಬದಲು ಸಜ್ಜೆ, ಜೋಳ, ಹೊಸ ತೌಡುಗಳನ್ನು ಕೊಡಬಹುದು. ಹಳೆಯ ತೌಡಿನ ಎಣ್ಣೆಯು ಕಮಟುವುದರಿಂದ ಅದು ಒಳ್ಳೆಯದಲ್ಲ. ಊಹೆಯು ನಿಜವಾಗಿದ್ದರೆ ಉತ್ತರವು ಬೇಗನೆ ಸಿಗುತ್ತದೆ. ನರಗಳು ತೀರ ಕೆಡುವ ಮೊದಲು ಥಯಾಮಿನ್ ಒಳಹೊಕ್ಕರೆ ಕೆಲವು ಗಂಟೆಗಳಲ್ಲಿಯೇ ತಲೆಯು ನೆಟ್ಟಗಾಗುವುದುಂಟು. ರಾಣಿಖೇತಾಗಲಿ ಮಾರೆಕ್ ರೋಗವಾಗಲಿ ಹೀಗೆ ತೌಡಿಗೆ ಮಣಿಯುವುದಿಲ್ಲ. ಎರಡು ಮೂರು ದಿನಗಳಾದರೂ ಹುಂಜವು ಏಳದಿದ್ದರೆ ಬಟ್ಟಲಿನ ಊಹೆಯನ್ನು ಕೈಬಿಟ್ಟು, ಅದನ್ನು ಬುಟ್ಟಿಯಲ್ಲಿ ಮುಚ್ಚಿಕೊಂಡು ಮತ್ತೆ ಪಶು ಆಸ್ಪತ್ರೆಗೆ ಒಯ್ಯಬೇಕು.