ಕಂತು ಕಟ್ಟಲಾಗದಾಗ ಸಾಲ ಕೊಟ್ಟವರ ಮುಂದೆ ಹೇಗೆ ಮಾತಾಡಬೇಕು?



ಕಳೆದ ಮುಂಗಾರಿನ ಹೊತ್ತಿಗೆ ನಾವು ಸೋಯಾ ಅವರೆಯ ಬೀಜ ಹಂಚುತ್ತಿದ್ದೆವು. ಎಂ.ಕೆ. ಹುಬ್ಬಳ್ಳಿ ಕಡೆಯ ಒಬ್ಬ ಅಕ್ಕನವರು ಸೆರಗಿನಲ್ಲಿ ರೊಕ್ಕ ಕಟ್ಟಿಕೊಂಡು ಪಾಳಿಯಲ್ಲಿ ನಿಂತಿದ್ದರು. ಅವರ ಪಾಳಿ ಬರುವ ಮೊದಲೇ ಫೋನು ಬಂತು. "ಸಾಹೇಬ್ರ, ಬೀಜ ನಾಳೆ ಒಯ್ತೀನ್ರಿ, ಇವತ್ತು ಸಂಘದ ಕಂತು ಐತಿ" ಎಂದು ಹೊರಟೇಹೋದರು. ಮರುದಿನ ಬರಲಿಲ್ಲ. ಬಂದದ್ದು ಹೊಲದ ಹದ ಆರಿದ ಮೇಲೆ. ಬಿತ್ತಿಗೆ ತಡವಾದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಬೀಜ ಗೊಬ್ಬರದ ಮಾತು ಹೇಳುವವನು ಇಂದು ಸಾಲದ ಕಂತಿನ ಮಾತು ಎತ್ತಿರುವುದು ಇದಕ್ಕಾಗಿಯೇ. ಬೀಜದ ರೊಕ್ಕ ಕಂತಿಗೆ ಹೋದರೆ, ಮುಂದಿನ ಕಂತು ಕಟ್ಟುವ ಬೆಳೆಯೇ ಹೋದಂತೆ.

ಸಾಲದ ಬಾಧೆ ನಮ್ಮ ಭಾಗಕ್ಕೆ ಹೊಸದಲ್ಲ. ಸಾವಕಾರರ ಬಡ್ಡಿಯಿಂದ ಒಕ್ಕಲು ಮಕ್ಕಳನ್ನು ಬಿಡಿಸಬೇಕೆಂದೇ 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಇಂದು ಸಾವಕಾರರ ಜೊತೆಗೆ ವಾರದ ಫೈನಾನ್ಸು ಬಂದಿದೆ, ಮೊಬೈಲಿನಲ್ಲಿ ಸಿಗುವ ಸಾಲವೂ ಬಂದಿದೆ. ಸಿಗುವುದು ಸುಲಭ, ತೀರಿಸುವುದು ಕಷ್ಟ. ಯಾಕೆ ಕಷ್ಟ? ಒಂದು ಮನೆಯ ಲೆಕ್ಕ ಮಾಡಿ ನೋಡೋಣ. ಇದು ಯಾರ ಮನೆಯದೂ ಅಲ್ಲ, ಉದಾಹರಣೆಗೆ ಹಾಕಿಕೊಂಡದ್ದು.

ಆ ಮನೆಗೆ ಹಾಲಿನಿಂದ ಖರ್ಚು ಕಳೆದು ತಿಂಗಳಿಗೆ 4,500 ರೂಪಾಯಿ, ಕೂಲಿಯಿಂದ 3,500, ಒಟ್ಟು 8,000 ಬರುತ್ತದೆ. ಸಂತೆ, ಔಷಧ, ಮಕ್ಕಳ ಸಾಲಿ, ಕರೆಂಟು ಎಲ್ಲಾ ಸೇರಿ ಮನೆಖರ್ಚು 5,500. ಉಳಿಯುವುದು 2,500. ಆದರೆ ಮೂರು ಕಡೆಯ ಕಂತು 1,900, 1,600, 1,700, ಅಂದರೆ ತಿಂಗಳಿಗೆ 5,200 ರೂಪಾಯಿ. ಕೊರತೆ 2,700. ಇದನ್ನು ತುಂಬಲು ನಾಲ್ಕನೆಯ ಸಾಲ, ಅದನ್ನು ತೀರಿಸಲು ಐದನೆಯದು. ಹೀಗೆ ಬಲೆ ಬಿಗಿಯುತ್ತದೆ.

ಈಗ ವರ್ಷದ ಲೆಕ್ಕ ನೋಡ್ರಿ. ತಿಂಗಳಿಗೆ ಉಳಿಯುವ 2,500ರಂತೆ ವರ್ಷಕ್ಕೆ 30,000. ಕಬ್ಬಿನಿಂದ ಖರ್ಚು ಕಳೆದು 60,000. ಎರಡೂ ಕೂಡಿ 90,000. ವರ್ಷದ ಕಂತು 62,400. ಅಂದರೆ ಈ ಮನೆ ಸಾಲ ತೀರಿಸಲಾರದ ಮನೆಯಲ್ಲ! ಕಂತಿನ ಹೊತ್ತು ತಪ್ಪಿದೆ, ಅಷ್ಟೇ. ಮಲಪ್ರಭೆ ದಂಡೆಯ ಕಬ್ಬಿನ ರೊಕ್ಕ ಬರುವುದು ವರ್ಷಕ್ಕೊಮ್ಮೆ. ಕಂತು ಕೇಳಲು ಬರುವವರು ವಾರಕ್ಕೊಮ್ಮೆ. ಕಬ್ಬು ಮುಟ್ಟಿಸಿದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆದರೂ ಕಡಿಯುವ ಗ್ಯಾಂಗು ಬರುವ ತನಕ ಕಬ್ಬು ಹೊಲದಲ್ಲೇ ನಿಲ್ಲುತ್ತದಲ್ಲವೇ?

ಆದ್ದರಿಂದ ಸಾಲ ಕೊಟ್ಟವರ ಹತ್ತಿರ ನೀವು ಕೇಳಬೇಕಾದದ್ದು ಮನ್ನಾ ಅಲ್ಲ. ಬೆಳೆಗೆ ಹೊಂದುವ ಕಂತು. ಅದನ್ನು ಕೇಳುವ ಕ್ರಮ ಹೀಗಿದೆ.

ಮೊದಲನೆಯದು: ಹಳೇ ಕಂತಿಗೆ ಹೊಸ ಸಾಲ ಮಾಡುವುದನ್ನು ಇಂದೇ ನಿಲ್ಲಿಸಿರಿ.

ಎರಡನೆಯದು: ಎಲ್ಲ ಕಾಗದ ಒಂದು ಚೀಲದಲ್ಲಿ ಕೂಡಿಸಿರಿ. ಸಾಲದ ಕಾರ್ಡು, ಪಾವತಿ, ಪಾಸ್‌ಬುಕ್ಕು. ಯಾರಿಗೆ ಎಷ್ಟು ಅಸಲು, ಎಷ್ಟು ಬಡ್ಡಿ, ಎಷ್ಟು ಕಟ್ಟಿದೆ, ಎಷ್ಟು ಬಾಕಿ ಎಂದು ಮಕ್ಕಳ ಕೈಯಿಂದ ನೋಟ್‌ಬುಕ್ಕಿನಲ್ಲಿ ಬರೆಸಿರಿ. ಕಾರ್ಡು ಇಲ್ಲದಿದ್ದರೆ ಕೇಳಿ ಪಡೆಯಿರಿ. ಕಿರುಸಾಲ ಕೊಡುವ ಬ್ಯಾಂಕು, ಕಂಪನಿಗಳು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಕಾರ್ಡು ಕೊಡಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಕೈಸಾಲವಿದ್ದರೆ ಬಡ್ಡಿಯನ್ನು ವರ್ಷದ ಲೆಕ್ಕಕ್ಕೆ ತಿರುಗಿಸಿ ನೋಡಿರಿ. ತಿಂಗಳಿಗೆ ನೂರಕ್ಕೆ 5 ಎಂದರೆ ವರ್ಷಕ್ಕೆ ನೂರಕ್ಕೆ 60. 10,000 ರೂಪಾಯಿಗೆ 20 ತಿಂಗಳಲ್ಲಿ ಬಡ್ಡಿಯೇ 10,000 ಆಗುತ್ತದೆ, ಅಸಲು ಹಾಗೇ ಇರುತ್ತದೆ.

ಮೂರನೆಯದು: ಮನೆಯ ಗಂಡಸರು ಹೆಂಗಸರು ಕೂಡಿ ಕುಳಿತು, ಮೇಲೆ ಮಾಡಿದ ಹಾಗೆ ಲೆಕ್ಕ ಮಾಡಿರಿ. ಎಷ್ಟೋ ಮನೆಗಳಲ್ಲಿ ಗಂಡನ ಸಾಲ ಹೆಂಡತಿಗೆ ಗೊತ್ತಿಲ್ಲ, ಹೆಂಡತಿಯ ಸಂಘದ ಸಾಲ ಗಂಡನಿಗೆ ಗೊತ್ತಿಲ್ಲ. ಮುಚ್ಚಿಟ್ಟ ಸಾಲಕ್ಕೆ ದಾರಿ ಹುಡುಕಲು ಬಾರದು. ಊಟ, ಔಷಧ, ಬೀಜ, ದನದ ಹೊಟ್ಟು ಮೇವು, ಇವನ್ನು ಮೊದಲು ತೆಗೆದಿಡಿರಿ. ಎಮ್ಮೆ ಮಾರಿ ಕಂತು ಕಟ್ಟಿದರೆ ಹಾಲಿನ ರೊಕ್ಕವೂ ನಿಲ್ಲುತ್ತದೆ.

ನಾಲ್ಕನೆಯದು: ಉಳಿದದ್ದನ್ನು ಸಾಲದ ಕಂತಿಗೆ ತಕ್ಕಂತೆ ಎಲ್ಲರಿಗೂ ಹಂಚಿರಿ. ಉದಾಹರಣೆಯ ಮನೆಯವರು 300 ರೂಪಾಯಿ ಆಪತ್ತಿಗೆ ಇಟ್ಟುಕೊಂಡು 2,200 ಕಟ್ಟಬಲ್ಲರು. 1,900ರ ಕಂತಿಗೆ 800, 1,600ರದಕ್ಕೆ 680, 1,700ರದಕ್ಕೆ 720. ವರ್ಷಕ್ಕೆ 26,400 ಆಯಿತು. ಉಳಿದ 36,000 ಕಬ್ಬಿನ ಬಿಲ್ಲು ಬಂದಾಗ. ಆಗಲೂ 24,000 ಮುಂದಿನ ಬೆಳೆಗೆ ಕೈಯಲ್ಲಿರುತ್ತದೆ. ತಡವಾದ ಹಣಕ್ಕೆ ಸ್ವಲ್ಪ ಬಡ್ಡಿ ಕೂಡಬಹುದು. ಎಷ್ಟೆಂದು ಮೊದಲೇ ಕೇಳಿರಿ.

ಐದನೆಯದು: ಕಂತು ತಪ್ಪುವ ಮೊದಲೇ ಹೋಗಿರಿ. ತಪ್ಪಿದ ಮೇಲೆ ಬಾಗಿಲು ಹಾಕಿಕೊಂಡು ಒಳಗೆ ಕೂಡುವುದು, ಫೋನು ಬಂದ್ ಮಾಡುವುದು ಒಳ್ಳೆಯದಲ್ಲ. ವಸೂಲಿಗೆ ಬರುವ ಹುಡುಗನ ಕೈಯಲ್ಲಿ ಕಂತು ಇಳಿಸುವ ಅಧಿಕಾರ ಇರುವುದು ಕಡಿಮೆ. ಶಾಖೆಯ ಮ್ಯಾನೇಜರರನ್ನೇ ಕಾಣಿರಿ. ಜೊತೆಗೆ ಅಕ್ಷರ ಬಲ್ಲ ಒಬ್ಬರು ಇರಲಿ. ಹೀಗೆ ಹೇಳಿರಿ:

"ಸರ್ರ, ನಾವು ಸಾಲ ಮುಳುಗಿಸೋ ಮಂದಿ ಅಲ್ರಿ. ಇದು ನಮ್ಮ ಮನಿ ಲೆಕ್ಕ, ನೀವೇ ನೋಡ್ರಿ. ತಿಂಗಳಿಗೆ 800 ತಪ್ಪದಂಗ ಕಟ್ಟತೀವಿ. ಕಬ್ಬಿನ ಬಿಲ್ಲು ಜಮಾ ಆಗಿ ಎಂಟು ದಿನದಾಗ ಉಳಿದದ್ದು ತಂದು ಕೊಡತೀವಿ. ಹಿಂಗ ಕಂತು ಮಾಡಿ ಬರದು ಕೊಡ್ರಿ."

ಅವರು "ಸಾವಿರದೈನೂರು ಕಟ್ರಿ" ಎಂದು ಜಗ್ಗಬಹುದು. ಆ ಗಳಿಗೆಯ ಸಂಕೋಚಕ್ಕೆ ಒಪ್ಪಬೇಡಿರಿ. ಆಗದ ಮಾತು ಕೊಟ್ಟು ಎರಡನೆಯ ತಿಂಗಳೇ ತಪ್ಪಿದರೆ ನಿಮ್ಮ ಮಾತಿಗೆ ಬೆಲೆ ಹೋಗುತ್ತದೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.

ಆರನೆಯದು: ಒಪ್ಪಿದ್ದನ್ನು ಬರೆಸಿಕೊಳ್ಳಿರಿ, ಸಹಿ ಶಿಕ್ಕಾ ಹಾಕಿಸಿರಿ. ಖಾಲಿ ಕಾಗದಕ್ಕೂ ಖಾಲಿ ಚೆಕ್ಕಿಗೂ ಸಹಿ ಮಾಡಬೇಡಿರಿ. ಕಟ್ಟಿದ ಪ್ರತಿ ಪೈಸೆಗೂ ಪಾವತಿ ಪಡೆಯಿರಿ. ಗುಂಪಿನ ಸಾಲವಿದ್ದರೆ ಗುಂಪಿನ ಅಕ್ಕತಂಗಿಯರಿಗೂ ಮೊದಲೇ ತಿಳಿಸಿರಿ. ನಿಮ್ಮ ಕಂತು ಅವರ ತಲೆಯ ಮೇಲೆ ಬಿದ್ದಾಗ ಅವರು ಸಿಟ್ಟಾಗುವುದು ಸಹಜ. ಲೆಕ್ಕ ತೋರಿಸಿದರೆ ಅವರೇ ನಿಮ್ಮ ಜೊತೆ ಮ್ಯಾನೇಜರರ ತನಕ ಬಂದಾರು.

ಇಷ್ಟು ಕೇಳಲು ನಿಮಗೆ ಹಕ್ಕು ಉಂಟೇ? ಉಂಟು. ವರ್ಷದ ಆದಾಯ 3 ಲಕ್ಷ ರೂಪಾಯಿ ಮೀರದ ಮನೆಗೆ ಅಡವಿಲ್ಲದೆ ಕೊಡುವ ಕಿರುಸಾಲಕ್ಕೆ ರಿಸರ್ವ್ ಬ್ಯಾಂಕಿನ ನಿಯಮಗಳು 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಎಲ್ಲ ಸಾಲಗಳ ಕಂತೂ ಕೂಡಿ ಮನೆಯ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಕಂತು ತಡವಾದರೆ ದಂಡವನ್ನು ತಪ್ಪಿದ ಹಣಕ್ಕೆ ಮಾತ್ರ ಹಾಕಬೇಕು, ಇಡೀ ಸಾಲಕ್ಕಲ್ಲ. ಕಷ್ಟದಲ್ಲಿರುವ ಸಾಲಗಾರರನ್ನು ಗುರುತಿಸಿ, ಅವರೊಡನೆ ಮಾತಾಡಿ, ದಾರಿ ತಿಳಿಸುವ ಏರ್ಪಾಡು ಸಾಲ ಕೊಟ್ಟವರಲ್ಲೇ ಇರಬೇಕು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನು ಮಾಡಬಾರದು. ಬೈಯುವುದು, ಹೆದರಿಸುವುದು, ಬೀಗರಿಗೆ ನೆಂಟರಿಗೆ ಫೋನು ಮಾಡಿ ಮಾನ ಕಳೆಯುವುದು ಕೂಡದು.

ಮ್ಯಾನೇಜರರು ಕೇಳದಿದ್ದರೆ ಕಂಪನಿಗೆ ಬರೆದು ದೂರು ಕೊಟ್ಟು, ಅದರ ನಕಲು ಇಟ್ಟುಕೊಳ್ಳಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸರಿ ಕಾಣದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ರಿಗೆ ದೂರಬಹುದು. ಖರ್ಚಿಲ್ಲ. ತಿಳಿಯಲು 14448ಕ್ಕೆ ಫೋನು ಮಾಡಿರಿ. ಸಾಲ ಕೊಟ್ಟವರನ್ನು ಕೂಡಿಸಿ ರಾಜಿ ಮಾಡಿಸಲು ಲೋಕ ಅದಾಲತ್ತೂ ಇದೆ. ತಾಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲಿ ಕೇಳಿರಿ. ಹೆಂಗಸರಿಗೆ ಅಲ್ಲಿ ವಕೀಲರ ನೆರವು ಉಚಿತ. ಫೋನು 15100.

ಕೈಸಾಲ ಕೊಡುವ ಸಾವಕಾರರಿಗೂ ಕಾಯಿದೆ ಇದೆ. 1961ರ ಲೇವಾದೇವಿ ಕಾಯಿದೆಯಂತೆ ಲೈಸೆನ್ಸು ಬೇಕು. ವಿಪರೀತ ಬಡ್ಡಿಯನ್ನು 2004ರ ಕಾಯಿದೆ ನಿಷೇಧಿಸಿದೆ. ಊರ ಹಿರಿಯರ ಮುಂದೆ ಲೆಕ್ಕ ಬಿಚ್ಚಿ, ಇನ್ನು ಕಟ್ಟುವುದು ಅಸಲಿಗೆ ಜಮಾ ಆಗಲೆಂದು ಕೇಳಿರಿ.

ಇನ್ನೊಂದು ಮಾತು. ವಸೂಲಿಯ ಕಿರುಕುಳ ಹೆಚ್ಚಿ ಊರು ಬಿಟ್ಟವರ, ಪ್ರಾಣ ಕಳೆದುಕೊಂಡವರ ಸುದ್ದಿ ಬಂದಾಗ, 2025ರ ಫೆಬ್ರವರಿ 12ರಂದು ನಮ್ಮ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. ಬಳಿಕ ಅದು ಕಾಯಿದೆಯಾಯಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಉಂಟು. ಆದರೆ "ಎಲ್ಲಾ ಸಾಲ ಮನ್ನಾ ಆಗೇತಿ, ಕಟ್ಟಬ್ಯಾಡ್ರಿ" ಎನ್ನುವವರ ಮಾತು ನಂಬಬೇಡಿರಿ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಬ್ಯಾಂಕು ಕಂಪನಿಗಳ ಸಾಲ ಈ ಕಾಯಿದೆಯಿಂದ ಹೋಗಿಲ್ಲ. ಕೈ ಮಾಡಿದರೆ, ಮನೆಯಿಂದ ಹೊರಗೆ ಹಾಕಿದರೆ, ಸಾಮಾನು ಎತ್ತಿಕೊಂಡು ಹೋದರೆ ಪೊಲೀಸ್ ಠಾಣೆಗೆ ಹೋಗಿರಿ. 112ಕ್ಕೂ ಫೋನು ಮಾಡಬಹುದು.

ಸಾಲ ಮಾಡಿದ್ದು ಕಳ್ಳತನವಲ್ಲ, ತಲೆ ತಗ್ಗಿಸಬೇಕಾಗಿಲ್ಲ. ಮನೆಯಲ್ಲಿ ಯಾರಾದರೂ ಊಟ ಬಿಟ್ಟು, ಮಾತು ಬಿಟ್ಟು ಮೂಲೆ ಹಿಡಿದಿದ್ದರೆ ಅವರನ್ನು ಒಂಟಿಯಾಗಿ ಬಿಡಬೇಡಿರಿ. "ಎಷ್ಟರ ಸಾಲ ಇರಲಿ, ಕೂಡಿ ಲೆಕ್ಕ ಮಾಡೂಣು" ಎಂದು ಹತ್ತಿರ ಕೂಡಿರಿ. ಸಾಲಕ್ಕೆ ಕಂತು ಮಾಡಬಹುದು, ಹೋದ ಜೀವಕ್ಕಲ್ಲ.

ಆ ಅಕ್ಕನವರು ಬೀಜಕ್ಕೆ ಮತ್ತೆ ಬಂದಾಗ ಇಷ್ಟನ್ನೂ ಅವರಿಗೆ ಹೇಳಿದೆ. ಅವರು ಹೇಳಿದ್ದು ಒಂದೇ ಮಾತು: "ಇದನ್ನ ಬಿತ್ತೂಕಿಂತ ಮೊದಲ ಹೇಳಿದ್ರ ಚೊಲೋ ಇತ್ರಿ." ಅದಕ್ಕೇ ನಿಮಗೆ ಬಿತ್ತುವ ಮೊದಲೇ ಹೇಳುತ್ತಿದ್ದೇನೆ. ಇಂದು ಸಂಜೆ ಕಾಗದದ ಚೀಲ ತೆಗೆಯಿರಿ.