ಬಂಜೆತನ: ಮೊದಲ ತಪಾಸಣೆ ಯಾರಿಗೆ?

‘ಬಂಜೆ’ ಎಂಬ ಮಾತಿಗೆ ಕನ್ನಡದ ದಿನಬಳಕೆಯಲ್ಲಿ ಗಂಡಸಿನ ಜೋಡಿಯಿಲ್ಲ. ‘ಷಂಡ’ ಎನ್ನುವುದು ಬೇರೆಯೇ ಸಂಗತಿ. ದಾಂಪತ್ಯದಲ್ಲಿ ಯಾವ ತೊಂದರೆಯೂ ಇಲ್ಲದ ಗಂಡಸಿನ ವೀರ್ಯದಲ್ಲಿ ಒಂದೇ ಒಂದು ವೀರ್ಯಾಣು ಇಲ್ಲದಿರಬಹುದು. ಆದರೂ ಮದುವೆಯಾಗಿ ಎರಡು ವರ್ಷ ಕಳೆದರೆ ‘ಏನಾದರೂ ವಿಶೇಷವೇ?’ ಎಂಬ ಪ್ರಶ್ನೆ ಎದುರಾಗುವುದು ಸೊಸೆಗೆ. ನಾಗರಕಟ್ಟೆ ಸುತ್ತುವವಳೂ ಅವಳೇ, ಆಸ್ಪತ್ರೆಯ ಬೆಂಚಿನ ಮೇಲೆ ಒಂಟಿಯಾಗಿ ಕೂರುವವಳೂ ಅವಳೇ.

ವೈದ್ಯರ ಅನುಭವ ಹಾಗಿಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡನ ಪಾಲೂ ಇರುತ್ತದೆ. ಗರ್ಭನಿರೋಧಕವಿಲ್ಲದೆ ಒಂದು ವರ್ಷ ಕೂಡಿ ಬಾಳಿಯೂ ಗರ್ಭ ನಿಲ್ಲದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರೇ ತಿಂಗಳಿಗೆ, ಇಬ್ಬರೂ ಒಟ್ಟಿಗೆ ವೈದ್ಯರನ್ನು ಕಾಣಬೇಕು.

ವೀರ್ಯ ಪರೀಕ್ಷೆಗೆ ಸೂಜಿಯಿಲ್ಲ, ನೋವಿಲ್ಲ. ಎರಡರಿಂದ ಏಳು ದಿನ ಸಂಯಮದಿಂದಿದ್ದು ಮಾದರಿ ಕೊಟ್ಟರಾಯಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಕನಿಷ್ಠ ಅಳತೆಯಂತೆ ಒಂದು ಮಿಲಿಲೀಟರಿನಲ್ಲಿ 1.6 ಕೋಟಿ ವೀರ್ಯಾಣುಗಳಿರಬೇಕು, ಅವುಗಳಲ್ಲಿ ನೂರಕ್ಕೆ 42 ಚಲಿಸುತ್ತಿರಬೇಕು. ಒಮ್ಮೆ ಕಡಿಮೆ ಬಂದರೆ ಎದೆಗುಂದಬೇಕಿಲ್ಲ. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಹಿಡಿಯುವುದರಿಂದ ಹಿಂದೆಂದೋ ಬಂದ ಜೋರು ಜ್ವರದ ಪೆಟ್ಟು ಈಗಿನ ವರದಿಯಲ್ಲಿ ಕಾಣಬಹುದು. ಇವತ್ತು ಬೀಡಿ ಬಿಟ್ಟರೆ ಅದರ ಫಲಕ್ಕೂ ಅಷ್ಟೇ ಕಾಯಬೇಕು. ವೃಷಣದ ರಕ್ತನಾಳಗಳ ಊತ, ಪ್ರಾಯ ಬಂದ ಮೇಲೆ ಕಾಡಿದ ಮಂಗನಬಾವು ಕೂಡ ಕಾರಣವಾಗಬಲ್ಲವು.

ಹೆಂಡತಿಯಲ್ಲಿ ನೋಡುವುದು ಮುಖ್ಯವಾಗಿ ಮೂರು: ತಿಂಗಳು ತಿಂಗಳೂ ಅಂಡ ಬಿಡುಗಡೆಯಾಗುತ್ತಿದೆಯೇ, ಅಂಡನಾಳ ತೆರೆದಿದೆಯೇ, ಗರ್ಭಕೋಶ ಸರಿಯಿದೆಯೇ. ಅಂಡ ಬಿಡುಗಡೆಗೆ ಅಡ್ಡಿಯಾಗುವ ಪಿಸಿಓಎಸ್ ಮತ್ತು ಥೈರಾಯ್ಡ್ ತೊಂದರೆ ರಕ್ತಪರೀಕ್ಷೆ, ಸ್ಕ್ಯಾನಿಂಗ್‌ನಲ್ಲಿ ತಿಳಿಯುತ್ತವೆ. ನಾಳ ನೋಡಲು ವಿಶೇಷ ದ್ರವ ಹಾಯಿಸಿ ಎಕ್ಸ್‌ರೇ ತೆಗೆಯುತ್ತಾರೆ. ನಮ್ಮ ದೇಶದಲ್ಲಿ ನಾಳ ಮುಚ್ಚಿಸುವ ಒಂದು ಗುಪ್ತ ಶತ್ರು ಕ್ಷಯ. ಒಂದು ದಿನವೂ ಕೆಮ್ಮದ ಹೆಣ್ಣಿನಲ್ಲೂ ಅದು ಗರ್ಭಾಂಗ ಸೇರಿರಬಹುದು.

ಅಂಡ ಬಲಿಯದಿದ್ದರೆ ಹಲವರಿಗೆ ಮಾತ್ರೆಗಳೇ ಸಾಕು. ವೀರ್ಯದ ಕೊರತೆ ಅಲ್ಪವಾಗಿದ್ದರೆ ವೀರ್ಯವನ್ನು ಶುದ್ಧಗೊಳಿಸಿ ಗರ್ಭಕೋಶಕ್ಕೆ ಬಿಡುವ ಐಯುಐ ಇದೆ. ನಾಳವೇ ಮುಚ್ಚಿದ್ದರೆ ಅಂಡ, ವೀರ್ಯಾಣುಗಳನ್ನು ದೇಹದ ಹೊರಗೆ ಕೂಡಿಸುವ ಐವಿಎಫ್. ಇಂಗ್ಲೆಂಡಿನ ಲೆಸ್ಲಿ ಬ್ರೌನ್ ಒಂಬತ್ತು ವರ್ಷ ಮಗುವಿಗಾಗಿ ಕಾದದ್ದು ಈ ಕಾರಣಕ್ಕೇ. 1978ರ ಜುಲೈ 25ರಂದು ಅವರ ಮಗಳು ಲೂಯಿಸ್ ಜಗತ್ತಿನ ಮೊದಲ ಪ್ರನಾಳ ಶಿಶುವಾಗಿ ಹುಟ್ಟಿದಳು.

ವೀರ್ಯಾಣು ತೀರಾ ವಿರಳವಾಗಿದ್ದ ಗಂಡಸರಿಗೆ ಆ ವಿದ್ಯೆಯಿಂದ ಹೆಚ್ಚು ಉಪಯೋಗವಾಗಲಿಲ್ಲ. ದಾರಿ ತೆರೆದದ್ದು ಬ್ರಸೆಲ್ಸಿನಲ್ಲಿ. ಅಲ್ಲಿನ ಸಂಶೋಧಕ ಜಾನ್‌ಪಿಯೆರೊ ಪಲೆರ್ಮೊ ವೀರ್ಯಾಣುವನ್ನು ಅಂಡದ ಹೊರಪೊರೆಯೊಳಗೆ ಬಿಡಲು ಯತ್ನಿಸುತ್ತಿದ್ದಾಗ ಅದು ಅಕಸ್ಮಾತ್ ಅಂಡದೊಳಕ್ಕೇ ಜಾರಿತು, ಅಂಡ ಫಲಿಸಿತು. 1992ರಲ್ಲಿ ಪ್ರಕಟವಾದ ಈ ವಿಧಾನವೇ ಇಕ್ಸಿ. ಒಂದು ಅಂಡಕ್ಕೆ ಒಂದು ವೀರ್ಯಾಣು ಸಾಕು.

ಆದರೆ ಕೊರತೆ ಗಂಡನದಾದರೂ ಇಕ್ಸಿಗಾಗಿ ಹತ್ತು ಹನ್ನೆರಡು ದಿನ ಹಾರ್ಮೋನ್ ಚುಚ್ಚಿಸಿಕೊಳ್ಳುವವಳು, ಅರಿವಳಿಕೆ ಪಡೆದು ಅಂಡ ತೆಗೆಸಿಕೊಳ್ಳುವವಳು ಹೆಂಡತಿ. ಗಂಡನ ರಕ್ತನಾಳದ ಊತವನ್ನು ಮೊದಲೇ ಗುರುತಿಸಿ ಸರಿಪಡಿಸಿದರೆ ಕೆಲವು ಹೆಣ್ಣುಮಕ್ಕಳಿಗಾದರೂ ಆ ಸೂಜಿಗಳು ತಪ್ಪುತ್ತವೆ.