ಗಾಲಿಯ ಮೇಲಿನ ಹಳೆಯ ಮನೆ

ಎತ್ತು ಕೊಳ್ಳಲು ಜಾತ್ರೆಗೆ ಹೋದ ರೈತನು ಮೊದಲು ಹಲ್ಲು ನೋಡುತ್ತಾನೆ, ಆಮೇಲೆ ಸುಳಿ ನೋಡುತ್ತಾನೆ, ಕಡೆಗೆ ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಹಳೆಯ ಮನೆ ಕೊಳ್ಳುವವನು ಗೋಡೆಯ ತೇವವನ್ನೂ ತೊಲೆಯ ಗೆದ್ದಲನ್ನೂ ಹುಡುಕುತ್ತಾನೆ. ಈ ಎರಡು ಪರೀಕ್ಷೆಗಳನ್ನೂ ಒಂದೇ ವಸ್ತುವಿನ ಮೇಲೆ ನಡೆಸಬೇಕಾದ ವ್ಯಾಪಾರವೊಂದು ಅಮೆರಿಕಾ ದೇಶದಲ್ಲುಂಟು. ಆ ವಸ್ತುವಿಗೆ ಅಲ್ಲಿನವರು ಮೋಟಾರ್‌ಹೋಮ್ ಎನ್ನುತ್ತಾರೆ. ನೋಡುವುದಕ್ಕೆ ನಮ್ಮ ಬಸ್ಸಿನಷ್ಟೇ ಉದ್ದ. ಒಳಗೆ ಮಂಚ, ಒಲೆ, ರೆಫ್ರಿಜರೇಟರು, ಸ್ನಾನದ ಮನೆ. ಚಾಲಕನ ಪೀಠದಿಂದ ಎದ್ದು ಹತ್ತು ಹೆಜ್ಜೆ ಹಿಂದಕ್ಕೆ ನಡೆದರೆ ಮಲಗುವ ಕೋಣೆ!

ಹೊಸ ಡೀಸೆಲ್ ಮೋಟಾರ್‌ಹೋಮಿನ ಬೆಲೆ ಲಕ್ಷಾಂತರ ಡಾಲರು. ಇಪ್ಪತ್ತು, ಇಪ್ಪತ್ತೈದು ವರ್ಷಗಳು ಕಳೆದ ಮೇಲೆ ಅದೇ ವಾಹನವು ಮೂಲ ಬೆಲೆಯ ಸುಮಾರು ಹತ್ತನೆಯ ಒಂದು ಪಾಲಿಗೆ ದೊರೆಯುವುದುಂಟು. ಅದನ್ನು ಕೊಳ್ಳಲು ಬರುವವರಲ್ಲಿ ಅನೇಕರು ಕೆಲಸದಿಂದ ನಿವೃತ್ತರಾದ ದಂಪತಿಗಳು. ದೇಶ ಸುತ್ತುವ ಹಂಬಲದಿಂದ ಬರುವವರು ಕೆಲವರಾದರೆ, ಬಾಡಿಗೆ ತೆರಲಾರದೆ ಬರುವವರು ಕೆಲವರು. 2008ರ ಹಣಕಾಸಿನ ಕುಸಿತದ ನಂತರ ಹೀಗೆ ಗಾಲಿಗಳ ಮೇಲೆ ಬದುಕಲು ಹೊರಟ ವೃದ್ಧರ ಕಥೆಯನ್ನು ಜೆಸಿಕಾ ಬ್ರೂಡರ್ ಎಂಬ ಲೇಖಕಿ 2017ರಲ್ಲಿ ‘ನೋಮಡ್‌ಲ್ಯಾಂಡ್’ ಎಂಬ ಗ್ರಂಥದಲ್ಲಿ ಬರೆದಳು. 2020ರಲ್ಲಿ ಅದು ಚಲನಚಿತ್ರವೂ ಆಯಿತು. ಇಂಥವರ ಪಾಲಿಗೆ ಈ ವಾಹನವು ವಿಲಾಸದ ವಸ್ತುವಲ್ಲ. ಇದ್ದ ಮನೆಯನ್ನು ಮಾರಿ ಬಂದ ಹಣ ಅದರಲ್ಲಿರುತ್ತದೆ. ವ್ಯಾಪಾರದಲ್ಲಿ ಎಡವಿದರೆ ಮನೆಯೂ ಹೋಯಿತು, ವಾಹನವೂ ಹೋಯಿತು.

ಡೀಸೆಲ್ಲಿಗೇ ಏಕೆ ಆಸೆಪಡುತ್ತಾರೆಂಬುದು ಸುಲಭವಾಗಿ ತಿಳಿಯುವ ಮಾತು. ಹತ್ತು ಹನ್ನೆರಡು ಟನ್ ಭಾರವನ್ನು ಬೆಟ್ಟ ಹತ್ತಿಸಲು ಬೇಕಾದ ಸೆಳೆತ ಅದಕ್ಕುಂಟು, ಆಯುಸ್ಸೂ ದೀರ್ಘ. 1990ರ ದಶಕದ ಅನೇಕ ವಾಹನಗಳಲ್ಲಿ, ಹಾಸಿಗೆಯ ಕೆಳಗೆ ಹಿಂಬದಿಯಲ್ಲಿ, ಕಮಿನ್ಸ್ ಕಂಪನಿಯ 5.9 ಲೀಟರಿನ ಆರು ಸಿಲಿಂಡರ್ ಎಂಜಿನು ಕುಳಿತಿರುತ್ತದೆ. ಸಿಲಿಂಡರಿಗೆ ಎರಡರಂತೆ ಹನ್ನೆರಡು ಕವಾಟಗಳುಳ್ಳ ಅದರ ಹಳೆಯ ಮಾದರಿಯಲ್ಲಿ ಇಂಧನ ಹಾಯಿಸುವ ಪಂಪು ಸಹ ಪೂರ್ತಿ ಯಾಂತ್ರಿಕವಾದುದು, ಕಂಪ್ಯೂಟರಿನ ಹಂಗಿಲ್ಲ. ಲಾರಿಗಳಲ್ಲಿ ಇದೇ ಎಂಜಿನು ಲಕ್ಷಗಟ್ಟಲೆ ಮೈಲಿಗಳನ್ನು ಓಡಿದೆ. ಹಾಗೆಂದು ಇಂಧನದ ಖರ್ಚು ಅಲ್ಪವೆಂದು ತಿಳಿಯಬಾರದು. ಗ್ಯಾಲನ್ನಿಗೆ ಎಂಟರಿಂದ ಹತ್ತು ಮೈಲಿ, ಎಂದರೆ ಲೀಟರಿಗೆ ನಾಲ್ಕು ಕಿಲೋಮೀಟರು ದೊರೆತರೆ ಅದೇ ಹೆಚ್ಚು.

ಮೋಸ ಹೋಗುವುದು ಇಲ್ಲಿಯೇ. ಎಂಜಿನಿನ ಕೀರ್ತಿಯನ್ನು ಕೇಳಿ ಬಂದವನು ಹಿಂಬದಿಯ ಮುಚ್ಚಳವನ್ನು ತೆರೆದು ಅರ್ಧ ಗಂಟೆ ಅದನ್ನೇ ನೋಡುತ್ತಾನೆ, ತಲೆದೂಗುತ್ತಾನೆ, ಮುಂಗಡ ಕೊಟ್ಟು ಬಿಡುತ್ತಾನೆ. ಆದರೆ ಈ ವಾಹನಗಳು ಸಾಯುವುದು ಎಂಜಿನಿನಿಂದಲ್ಲ, ನೀರಿನಿಂದ.

ಚಾವಣಿಯ ಮೇಲೆ ಅನೇಕ ವಾಹನಗಳಲ್ಲಿ ತೆಳ್ಳನೆಯ ರಬ್ಬರಿನ ಹೊದಿಕೆಯಿರುತ್ತದೆ. ಗಾಳಿಗಿಂಡಿ, ಹವಾನಿಯಂತ್ರಣದ ಯಂತ್ರ, ಕೊಳವೆಗಳಿಗಾಗಿ ಅದನ್ನು ಹತ್ತಾರು ಕಡೆ ಕತ್ತರಿಸಿ ಅಂಚಿಗೆ ಅಂಟು ಬಳಿದಿರುತ್ತಾರೆ. ಬಿಸಿಲಿಗೆ ಆ ಅಂಟು ಬಿರುಕು ಬಿಡುತ್ತದೆ. ಕೂದಲೆಳೆಯಂಥ ಬಿರುಕಿನಲ್ಲಿ ಇಳಿದ ಮಳೆನೀರು ಒಳಗಿನ ಮರವನ್ನು ಸೇರಿ, ವರ್ಷಗಳವರೆಗೆ ಯಾರ ಕಣ್ಣಿಗೂ ಬೀಳದೆ ಕೊಳೆಸುತ್ತಿರುತ್ತದೆ. ಗೋಡೆಯ ಹೊರಮೈ ಫೈಬರ್ ಗ್ಲಾಸಿನದು; ಅದರ ಬೆನ್ನಿಗೆ ಅಂಟಿಸಿದ ತೆಳು ಪ್ಲೈವುಡ್ಡು ನೆನೆದರೆ ಎರಡೂ ಬಿಟ್ಟುಕೊಂಡು, ಬಿಸಿ ಎಣ್ಣೆಗೆ ಬಿದ್ದ ಹಪ್ಪಳದಂತೆ ಹೊರಮೈ ಉಬ್ಬುತ್ತದೆ. ಎದುರಿಗೆ ನಿಂತು ನೋಡಿದರೆ ಇದು ಕಾಣುವುದಿಲ್ಲ. ವಾಹನದ ಮೂಲೆಯಲ್ಲಿ ನಿಂತು, ಗೋಡೆಗೆ ಕೆನ್ನೆ ತಾಗಿಸುವಷ್ಟು ಹತ್ತಿರದಿಂದ ಉದ್ದಕ್ಕೂ ದೃಷ್ಟಿ ಹಾಯಿಸಬೇಕು. ಬಲ್ಲವರು ಏಣಿ ಹತ್ತಿ ಚಾವಣಿಯ ಮೇಲೆ ಮೆಲ್ಲನೆ ಮೊಣಕಾಲೂರಿ ಹರಿಯುತ್ತಾರೆ. ಎಲ್ಲಿ ಮೆತ್ತಗಿದೆಯೋ ಅಲ್ಲಿ ಮರವಿಲ್ಲ. ಆಮೇಲೆ ಒಳಗಿನ ಕಪಾಟುಗಳನ್ನು ಒಂದೊಂದಾಗಿ ತೆರೆದು ಮೂಸುತ್ತಾರೆ. ಬೂಷ್ಟಿನ ವಾಸನೆಗೆ ಸುಳ್ಳು ಹೇಳಲು ಬಾರದು. ಮಾರುವ ಹಿಂದಿನ ದಿನ ಸುಗಂಧ ಸಿಂಪಡಿಸಿದ ವಾಹನವನ್ನು ಕಂಡರೆ ಇನ್ನೂ ಹೆಚ್ಚು ಎಚ್ಚರ ಬೇಕು.

ಕೆಲವು ವಾಹನಗಳಲ್ಲಿ ಗೋಡೆಯ ಒಂದು ಭಾಗವೇ ಮೇಜಿನ ಖಾನೆಯಂತೆ ಹೊರಕ್ಕೆ ಸರಿದು ಕೋಣೆಯನ್ನು ಹಿಗ್ಗಿಸುತ್ತದೆ. ಅಂದ ಹೌದು, ಆದರೆ ನೀರಿಗೆ ಅದು ಇನ್ನೊಂದು ಬಾಗಿಲು. ಕೈಯಲ್ಲಿ ಹಣ ಕಡಿಮೆಯಿದ್ದವರಿಗೆ ಅದಿಲ್ಲದ ಹಳೆಯ ಮಾದರಿಯೇ ಲೇಸು.

“ಇಪ್ಪತ್ತೈದು ವರ್ಷಕ್ಕೆ ನಲವತ್ತು ಸಾವಿರ ಮೈಲಿ ಮಾತ್ರ ಓಡಿದೆ” ಎಂದು ಮಾರುವವನು ಹೆಮ್ಮೆಯಿಂದ ಹೇಳುವುದುಂಟು. ಕೂತಲ್ಲೇ ಕೂತ ಯಂತ್ರಕ್ಕೆ ಸುಖವಿಲ್ಲ. ರಬ್ಬರಿನ ಕೊಳವೆಗಳು ಒಣಗಿ ಸೀಳುತ್ತವೆ, ಟಯರುಗಳು ನವೆಯುತ್ತವೆ. ಟಯರಿನ ಪಕ್ಕದಲ್ಲಿ ಅದರ ಜಾತಕ ಬರೆದಿರುತ್ತದೆ: ಕೊನೆಯ ನಾಲ್ಕು ಅಂಕೆಗಳು 2316 ಎಂದಿದ್ದರೆ, ಅದು ಹುಟ್ಟಿದ್ದು 2016ರ 23ನೆಯ ವಾರದಲ್ಲಿ. ಮೇಲಿನ ಅಚ್ಚು ಹೊಸದರಂತೆ ಕಂಡರೂ ಏಳರಿಂದ ಹತ್ತು ವರ್ಷಗಳೊಳಗೆ ಬದಲಾಯಿಸಬೇಕೆಂಬುದು ಅನುಭವಸ್ಥರ ಮಾತು. ಹೆದ್ದಾರಿಯಲ್ಲಿ ಮುಂದಿನ ಟಯರು ಸಿಡಿದರೆ ಹತ್ತು ಟನ್ನಿನ ಮನೆಯನ್ನು ಹಿಡಿದು ನಿಲ್ಲಿಸುವುದು ಅರವತ್ತೈದರ ತೋಳಿಗೆ ಸುಲಭವಲ್ಲ. ಆರು ಟಯರುಗಳ ಬೆಲೆ ಸಾವಿರಾರು ಡಾಲರು. ಚೌಕಾಶಿಗೆ ಕೂರುವ ಮೊದಲೇ ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ಇಷ್ಟಾದ ಮೇಲೆ ಎಂಜಿನಿನ ಸರದಿ. ಕೊಳ್ಳುವವನು ಹೋಗಿ ಮೊದಲು ಅದರ ಮೇಲೆ ಕೈಯಿಟ್ಟು ನೋಡಬೇಕು. ಬೆಚ್ಚಗಿದ್ದರೆ ಮಾರುವವನು ಆಗಲೇ ಒಮ್ಮೆ ಓಡಿಸಿಟ್ಟಿದ್ದಾನೆಂದು ಅರ್ಥ. ತಣ್ಣಗಿರುವಾಗ ಹೊರಡಿಸಿದರೆ ಮಾತ್ರ ಅದರ ನಿಜ ಸ್ವಭಾವ ತಿಳಿಯುವುದು. ಚಳಿಯಲ್ಲಿ ಕೊಂಚ ಬಿಳಿ ಹೊಗೆ ಬಂದು ಮಾಯವಾದರೆ ಚಿಂತೆಯಿಲ್ಲ. ಬೆಚ್ಚಗಾದ ಮೇಲೂ ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ. ಎಂಜಿನಿನ ಎಣ್ಣೆಯನ್ನು ಒಂದು ಸೀಸೆಯಲ್ಲಿ ತುಂಬಿ ಪ್ರಯೋಗಶಾಲೆಗೆ ಕಳುಹಿಸಿದರೆ, ವೈದ್ಯರ ರಕ್ತಪರೀಕ್ಷೆಯಂತೆ, ಒಳಗೆ ಯಾವ ಲೋಹ ಸವೆಯುತ್ತಿದೆ, ತಂಪಿನ ನೀರು ಸೋರಿದೆಯೇ ಎಂಬುದೆಲ್ಲ ಬರೆದು ಬರುತ್ತದೆ. ಇನ್ನೊಂದು ಗುಟ್ಟು: ಹಿಂದೆ ರೇಡಿಯೇಟರಿರುವ ವಾಹನಗಳಲ್ಲಿ ಎಂಜಿನು ಉಸಿರು ಬಿಡುವ ಕೊಳವೆಯಿಂದ ಬಂದ ಎಣ್ಣೆಯ ಹಬೆಗೆ ರಸ್ತೆಯ ಧೂಳು ಮೆತ್ತಿ, ರೇಡಿಯೇಟರಿನ ಮೈಯೆಲ್ಲ ಕೆಸರು ಮುಚ್ಚಿದಂತಾಗುತ್ತದೆ. ಸಮತಟ್ಟಿನಲ್ಲಿ ಇದು ಗೊತ್ತಾಗದು. ಉದ್ದನೆಯ ಏರನ್ನು ಹತ್ತಿಸಿ, ಬಿಸಿ ತೋರಿಸುವ ಮುಳ್ಳಿನ ಮೇಲೆ ಕಣ್ಣಿಟ್ಟಿರಬೇಕು.

ಬಿಡಿಭಾಗಗಳ ವಿಷಯವೂ ವಿಚಿತ್ರವಾಗಿದೆ. ಹೆಸರಾಂತ ತಯಾರಕರಾಗಿದ್ದ ಫ್ಲೀಟ್‌ವುಡ್ ಮತ್ತು ಮೊನಾಕೊ ಕಂಪನಿಗಳು 2009ರ ಮಾರ್ಚ್ ತಿಂಗಳಿನಲ್ಲಿ ದಿವಾಳಿಯ ಅರ್ಜಿ ಸಲ್ಲಿಸಿದವು. ಆ ಕಾಲದ ವಾಹನಗಳಿಗೆ ಲಾರಿಯ ಎಂಜಿನಿನ ಭಾಗ ಯಾವ ಊರಿನಲ್ಲಿಯೂ ದೊರೆತೀತು. ಒಡೆದ ಮುಂದಿನ ಗಾಜಿಗೋ ಮುರಿದ ದೀಪದ ಕವಚಕ್ಕೋ ತಿಂಗಳುಗಟ್ಟಲೆ ಹುಡುಕಬೇಕಾದೀತು.

ಅಲ್ಲಿನ ಜಾಣರು ಮೂವತ್ತು ಸಾವಿರ ಡಾಲರು ಕೈಯಲ್ಲಿದ್ದರೆ ಇಪ್ಪತ್ತು ಸಾವಿರದ ವಾಹನವನ್ನು ಹುಡುಕುತ್ತಾರೆ. ಉಳಿದುದು ಮೊದಲ ವರ್ಷದ ರಿಪೇರಿಗೆ. ಇಷ್ಟು ಹಳೆಯದಕ್ಕೆ ಸಾಲ ಕೊಡಲು ಬ್ಯಾಂಕುಗಳು ಹಿಂದೆಗೆಯುತ್ತವೆ. ಹತ್ತು ವರ್ಷ ದಾಟಿದ ವಾಹನವನ್ನು ಒಳಗೆ ಬಿಡದ ಖಾಸಗಿ ತಂಗುದಾಣಗಳೂ ಉಂಟು. ಮೊದಲು ಭಾವಚಿತ್ರ ಕಳುಹಿಸಿ, ಬಣ್ಣ ಮಾಸಿಲ್ಲವೆಂದು ತೋರಿಸಿದರೆ ಸ್ಥಳ ಕೊಡುತ್ತಾರೆ. ವರನ ಮನೆಗೆ ಕನ್ಯೆಯ ಪಟ ಕಳುಹಿಸಿದಂತೆ!

ಅರಿಜೋನಾದ ಮರುಭೂಮಿಯ ಕ್ವಾರ್ಟ್ಸ್‌ಸೈಟ್ ಎಂಬ ಊರಿಗೆ ಅಂಥ ಕಟ್ಟಳೆಯಿಲ್ಲ. ಉತ್ತರದ ಚಳಿಯಿಂದ ತಪ್ಪಿಸಿಕೊಳ್ಳಲು ಪ್ರತಿ ಚಳಿಗಾಲವೂ ಸಾವಿರಾರು ವಾಹನಗಳು ಅದರ ಸುತ್ತಲಿನ ಸರ್ಕಾರಿ ಬಯಲಿನಲ್ಲಿ ಬೀಡುಬಿಡುತ್ತವೆ. ಹೊಸದು, ಹಳೆಯದು ಎಲ್ಲಕ್ಕೂ ಒಂದೇ ಮರಳು. ಅಲ್ಲಿ ಮಳೆ ಅಪರೂಪ. ಚಾವಣಿಯ ಬಿರುಕುಗಳಿಗೆ ಹೊಸ ಅಂಟು ಬಳಿಯಲು ಅದಕ್ಕಿಂತ ಒಳ್ಳೆಯ ಸ್ಥಳವಿಲ್ಲ.